ಮಲಗಿರುವ ಸಿಪಿಯುನ ಟೈಮರ್‌ಗಳನ್ನು ಯಾರು ನೋಡಿಕೊಳ್ಳಬೇಕು?

ಪ್ರಶ್ನೆ: 16 ಲಾಜಿಕಲ್ ಸಿಪಿಯುಗಳಿರುವ ಇಂಟೆಲ್ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್ 6.12 ಬಳಸುತ್ತಿದ್ದೇನೆ. 16 ಚಾನೆಲ್‌ಗಳ ಸೆನ್ಸರ್ ಬೋರ್ಡೊಂದಕ್ಕೆ ಡ್ರೈವರ್ ಬರೆದಿದ್ದೇನೆ. ಚಾನೆಲ್‌ಗೊಂದು ಟೈಮರ್, ಪ್ರತಿಯೊಂದೂ 100 ಮಿಲಿಸೆಕೆಂಡಿಗೊಮ್ಮೆ ರಿಜಿಸ್ಟರ್ ಓದುತ್ತದೆ. ಹೊರೆ ಹಂಚಿಹೋಗಲಿ ಎಂದು 'ಆ್ಯಡ್_ಟೈಮರ್_ಆನ್' ಬಳಸಿ ಸಿಪಿಯುಗೊಂದರಂತೆ ಇಟ್ಟಿದ್ದೇನೆ. 6.9ರಿಂದ ಈಚೆಗೆ ಐಡಲ್ (ಕೆಲಸವಿಲ್ಲದೆ ಮಲಗಿರುವ) ಸಿಪಿಯುಗಳ ಟೈಮರ್‌ಗಳನ್ನು ಕರ್ನೆಲ್ (ಲಿನಕ್ಸ್‌ನ ತಿರುಳು) ತಾನೇ ಬೇರೆ ಸಿಪಿಯುಗೆ ವಹಿಸುತ್ತದೆ ಎಂದು ಓದಿದ್ದೆ. ಆದರೂ ಎಲ್ಲ ಸಿಪಿಯುಗಳೂ ಸೆಕೆಂಡಿಗೆ 10 ಸಲ ಏಳುತ್ತಲೇ ಇವೆ, ಬ್ಯಾಟರಿ ಬೇಗ ಇಳಿಯುತ್ತಿದೆ. ನಾನು ಯಾವುದಾದರೂ ಸೆಟ್ಟಿಂಗ್ ಬಿಟ್ಟಿದ್ದೇನೆಯೇ?

ಉತ್ತರ: ಸೆಟ್ಟಿಂಗ್ ಯಾವುದನ್ನೂ ಬಿಟ್ಟಿಲ್ಲ. ಹೊರೆ ಹಂಚಲೆಂದು ನೀವು ಬಳಸಿದ 'ಆ್ಯಡ್_ಟೈಮರ್_ಆನ್' ಕರೆಯೇ ಟೈಮರ್‌ಗಳನ್ನು ಕಟ್ಟಿಹಾಕಿದೆ. 6.9ರ ನಂತರ ಈ ಫಂಕ್ಷನ್ ಟೈಮರನ್ನು ನೀವು ಹೇಳಿದ ಸಿಪಿಯು ಮೇಲೆ ಇಟ್ಟು ಸುಮ್ಮನಾಗುವುದಿಲ್ಲ, ಜೊತೆಗೆ 'ಟೈಮರ್_ಪಿನ್ಡ್' ಎಂಬ ಫ್ಲ್ಯಾಗನ್ನೂ ಸೆಟ್ ಮಾಡುತ್ತದೆ. ಆ ಫ್ಲ್ಯಾಗ್ ತಾನಾಗಿ ಹೋಗುವುದಿಲ್ಲ. ಕಾಲ್‌ಬ್ಯಾಕ್ (ಕಾಲ ತುಂಬಿದಾಗ ಓಡುವ ಫಂಕ್ಷನ್) ಒಳಗಿಂದ 'ಮಾಡ್_ಟೈಮರ್' ಕರೆದು ಮುಂದಿನ ಸುತ್ತಿಗೆ ಹೂಡಿದಾಗಲೂ ಅದು ಉಳಿದೇ ಇರುತ್ತದೆ. ಪಿನ್ ಆದ ಟೈಮರ್ ಆ ಸಿಪಿಯು ಮೇಲೆಯೇ ಓಡಬೇಕು ಎಂದು ನೀವೇ ಕರ್ನೆಲ್‌ಗೆ ಹೇಳಿದಂತೆ. ಹೇಳಿದ್ದನ್ನು ಅದು ಪಾಲಿಸುತ್ತಿದೆ, ಅಷ್ಟೇ.

ಆದರೆ ಪಿನ್ ತೆಗೆದ ಮಾತ್ರಕ್ಕೆ ನಿಮ್ಮ ಬ್ಯಾಟರಿಯ ಸಮಸ್ಯೆ ಪೂರ್ತಿ ಬಗೆಹರಿಯುವುದಿಲ್ಲ. ಏಕೆಂದು ತಿಳಿಯಲು ಒಳಗೆ ನಡೆಯುವುದನ್ನು ಸ್ವಲ್ಪ ನೋಡಬೇಕು.

6.9ಕ್ಕಿಂತ ಹಿಂದಿನ ಕರ್ನೆಲ್‌ಗಳು ಟೈಮರ್ ಎಲ್ಲಿ ಓಡಬೇಕು ಎಂಬುದನ್ನು ಅದನ್ನು ಹೂಡುವ ಹೊತ್ತಿನಲ್ಲೇ ತೀರ್ಮಾನಿಸುತ್ತಿದ್ದವು. ಹೂಡುತ್ತಿರುವ ಸಿಪಿಯು ಐಡಲ್ ಆಗಿದ್ದರೆ ಹತ್ತಿರದಲ್ಲಿ ಕೆಲಸದಲ್ಲಿರುವ ಇನ್ನೊಂದನ್ನು ಹುಡುಕಿ ಅಲ್ಲಿಗೆ ಹಾಕುವುದು, ಇಲ್ಲದಿದ್ದರೆ ತನ್ನಲ್ಲೇ ಇಟ್ಟುಕೊಳ್ಳುವುದು. ಕೇಳಲು ಸರಿಯಾಗಿಯೇ ಇದೆ, ಆದರೆ ಒಂದು ಪ್ರೋಗ್ರಾಂ ಟೈಮರ್ ಹೂಡುತ್ತಿದೆ ಎಂದರೆ ಆ ಕ್ಷಣದಲ್ಲಿ ಆ ಸಿಪಿಯು ಕೆಲಸದಲ್ಲಿದೆ ಎಂದೇ ಅರ್ಥ. ಹಾಗಾಗಿ ಟೈಮರ್ ಅಲ್ಲೇ ಉಳಿಯುತ್ತಿತ್ತು. ಮರುಕ್ಷಣ ಪ್ರೋಗ್ರಾಂ ನಿದ್ದೆಗೆ ಹೋಗಿ ಸಿಪಿಯು ಐಡಲ್ ಆಗುತ್ತಿತ್ತು, ಸ್ವಲ್ಪ ಹೊತ್ತಿಗೆ ಅದೇ ಟೈಮರ್ ಅದನ್ನು ಎಬ್ಬಿಸುತ್ತಿತ್ತು. ಮುಂದೆ ಯಾವ ಸಿಪಿಯು ಎಚ್ಚರವಿರುತ್ತದೆ ಎಂಬುದನ್ನು ಹೂಡುವಾಗ ಊಹಿಸಲು ದಾರಿಯೇ ಇಲ್ಲ.

ಆಗಾಗ ತಾವೇ ಹೋಗಿ ಓದುವ, ನಿಮ್ಮಂಥ ಪೋಲಿಂಗ್ ಡ್ರೈವರ್‌ಗಳಿಗೆ ಇನ್ನೊಂದು ತೊಡಕೂ ಇತ್ತು. ಕಾಲ್‌ಬ್ಯಾಕ್ ಓಡುತ್ತಿರುವಾಗ ಆ ಟೈಮರ್ ಇರುವ ಪಟ್ಟಿಯನ್ನು ಬದಲಿಸುವಂತಿಲ್ಲ. ಬದಲಿಸಿದರೆ ಅದನ್ನು ಅಳಿಸಲು ಕಾಯುತ್ತಿರುವ ಕೋಡ್‌ಗೆ ಕಾಲ್‌ಬ್ಯಾಕ್ ಇನ್ನೂ ಮುಗಿದಿಲ್ಲ ಎಂಬುದೇ ತಿಳಿಯುವುದಿಲ್ಲ. ಆದ್ದರಿಂದ ತನ್ನನ್ನು ತಾನೇ ಮತ್ತೆ ಹೂಡಿಕೊಳ್ಳುವ ಟೈಮರ್ ಮೊದಲ ಸಲ ಯಾವ ಸಿಪಿಯುಗೆ ಬಿತ್ತೋ ಅಲ್ಲೇ ತಿಂಗಳುಗಟ್ಟಲೆ ಇದ್ದುಬಿಡುತ್ತಿತ್ತು, ಆ ಸಿಪಿಯುಗೆ ಬೇರೆ ಕೆಲಸ ಇರಲಿ ಇಲ್ಲದಿರಲಿ.

ಇದರ ಜೊತೆಗೆ, ಕರ್ನೆಲ್‌ನ ಟೈಮರ್‌ಗಳಲ್ಲಿ ಬಹುಪಾಲು ಕಾಲ ತುಂಬುವ ಮೊದಲೇ ರದ್ದಾಗುತ್ತವೆ. ನೆಟ್‌ವರ್ಕ್ ಪ್ಯಾಕೆಟ್‌ಗೆ ಉತ್ತರ ಬಾರದಿದ್ದರೆ ಮತ್ತೆ ಕಳಿಸಬೇಕು, ಡಿಸ್ಕ್ ಪ್ರತಿಕ್ರಿಯಿಸದಿದ್ದರೆ ರೀಸೆಟ್ ಮಾಡಬೇಕು ಎಂದು ಹೂಡುವ ಟೈಮರ್‌ಗಳು ಹೀಗೆ. ಉತ್ತರ ಬಂದೇ ಬರುತ್ತದೆ, ಟೈಮರ್ ರದ್ದಾಗುತ್ತದೆ. ಇಂಥ ಪ್ರತಿಯೊಂದಕ್ಕೂ ಹೂಡುವಾಗ ಒಳ್ಳೆಯ ಸಿಪಿಯು ಹುಡುಕುವುದು, ಬೇರೆ ಸಿಪಿಯುನ ಲಾಕ್ ಹಿಡಿಯುವುದು ಶುದ್ಧ ವ್ಯರ್ಥ ಕೆಲಸ.

ಲಿನುಟ್ರೋನಿಕ್ಸ್ ಕಂಪನಿಯ ಅನ್ನಾ-ಮರಿಯಾ ಬೆನ್ಸೆನ್ ಮುನ್ನಡೆಸಿದ, 2024ರಲ್ಲಿ 6.9ಕ್ಕೆ ಸೇರಿದ ಬದಲಾವಣೆ ಈ ಕ್ರಮವನ್ನು ತಿರುಗಿಸಿತು. ಹೂಡುವಾಗ ಯಾವ ಯೋಚನೆಯೂ ಇಲ್ಲ, ಟೈಮರ್ ಹೂಡಿದ ಸಿಪಿಯುನಲ್ಲೇ ಇರಲಿ. ಕಾಲ ತುಂಬಿದಾಗ ಆ ಸಿಪಿಯು ಮಲಗಿದ್ದರೆ, ಎಚ್ಚರವಿರುವ ಇನ್ನೊಂದು ಬಂದು ಅದನ್ನು ಓಡಿಸಲಿ. ರದ್ದಾಗುವ ಟೈಮರ್‌ಗಳಿಗೆ ಏನೂ ಖರ್ಚಿಲ್ಲ, ತೀರ್ಮಾನ ಆಗುವುದು ನಿಜವಾಗಿ ಬೇಕಾದ ಕ್ಷಣದಲ್ಲಿ. ಟೈಮರ್ ವ್ಯವಸ್ಥೆಯಲ್ಲಿ ಇತ್ತೀಚೆಗೆ ಆದ ಅತ್ಯುತ್ತಮ ಕೆಲಸ ಇದು ಎಂಬುದು ನನ್ನ ಅಭಿಪ್ರಾಯ.

ಇದಕ್ಕಾಗಿ ಪ್ರತಿ ಸಿಪಿಯುನಲ್ಲೂ ಮೂರು ಪಟ್ಟಿಗಳಿವೆ. ಪಿನ್ ಆದವು ಲೋಕಲ್ ಪಟ್ಟಿಯಲ್ಲಿ, ಎಲ್ಲಿ ಓಡಿದರೂ ಸರಿ ಎನ್ನುವಂಥವು ಗ್ಲೋಬಲ್ ಪಟ್ಟಿಯಲ್ಲಿ, ಮುಂದೂಡಬಹುದಾದವು ಡಿಫರೆಬಲ್ ಪಟ್ಟಿಯಲ್ಲಿ. ಇನ್ನೊಂದು ಸಿಪಿಯು ಕೈಹಾಕಬಹುದಾದದ್ದು ಗ್ಲೋಬಲ್ ಪಟ್ಟಿಗೆ ಮಾತ್ರ.

ನಿಮ್ಮ ಯಂತ್ರದಲ್ಲಿ ಇದು ಹೀಗೆ ನಡೆಯುತ್ತದೆ. ಕರ್ನೆಲ್ ಸಿಪಿಯುಗಳನ್ನು ಗುಂಪುಗಳಾಗಿ ಮಾಡುತ್ತದೆ, ಒಂದು ಗುಂಪಿಗೆ ಹೆಚ್ಚೆಂದರೆ 8 ಸದಸ್ಯರು. ಹಾಗಾಗಿ 16 ಸಿಪಿಯುಗಳು ಎರಡು ಗುಂಪುಗಳಾಗುತ್ತವೆ, ಆ ಎರಡರ ಮೇಲೆ ಒಂದು ತುದಿಯ ಗುಂಪು. ಪ್ರತಿ ಗುಂಪಿನಲ್ಲೂ ಎಚ್ಚರವಿರುವ ಒಬ್ಬ ಸದಸ್ಯ ಮೈಗ್ರೇಟರ್. ಮಲಗಿರುವ ಉಳಿದವರ ಗ್ಲೋಬಲ್ ಟೈಮರ್‌ಗಳ ಜವಾಬ್ದಾರಿ ಅದರದು, ತನ್ನ ಪ್ರತಿ ಟಿಕ್‌ನಲ್ಲೂ (ಕರ್ನೆಲ್‌ನ ನಿಯಮಿತ ಗಡಿಯಾರದ ಬಡಿತ) ಅದು ಅವುಗಳ ಕಡೆ ನೋಡುತ್ತದೆ. ಮೈಗ್ರೇಟರ್ ತಾನೇ ಮಲಗಲು ಹೊರಟರೆ ಗುಂಪಿನ ಇನ್ನೊಬ್ಬ ಎಚ್ಚರಸ್ಥನಿಗೆ ಕೆಲಸ ಒಪ್ಪಿಸುತ್ತದೆ. ಗುಂಪಿನಲ್ಲಿ ಯಾರೂ ಉಳಿಯದಿದ್ದರೆ ಆ ಗುಂಪಿನ ಅತಿ ಹತ್ತಿರದ ಟೈಮರ್‌ನ ಸಮಯ ಮೇಲಿನ ಹಂತಕ್ಕೆ ಹೋಗುತ್ತದೆ. ಇಡೀ ಯಂತ್ರದಲ್ಲಿ ಕೊನೆಗೆ ಮಲಗುವ ಸಿಪಿಯು, ಎಲ್ಲರ ಗ್ಲೋಬಲ್ ಟೈಮರ್‌ಗಳಲ್ಲಿ ಮೊದಲು ಬರುವುದಕ್ಕೆ ಅಲಾರಂ ಇಟ್ಟುಕೊಂಡು ಮಲಗುತ್ತದೆ. ಏಳಬೇಕಾದದ್ದು ಅದೊಂದೇ.

ಒಂದು ವಿನಾಯಿತಿ ನಿಮಗೆ ನೇರವಾಗಿ ತಾಗುತ್ತದೆ. ಮಲಗಲು ಹೊರಟ ಸಿಪಿಯುನ ಲೋಕಲ್ ಟೈಮರ್ ಅದರ ಗ್ಲೋಬಲ್ ಟೈಮರ್‌ಗಳಿಗಿಂತ ಮೊದಲು ಬರುವುದಾದರೆ, ಗ್ಲೋಬಲ್ ಟೈಮರ್‌ಗಳನ್ನು ಗುಂಪಿಗೆ ಒಪ್ಪಿಸುವುದೇ ಇಲ್ಲ. ಹೇಗೂ ಅದು ಏಳಲೇಬೇಕಲ್ಲ, ಎದ್ದಾಗ ತಾನೇ ನೋಡಿಕೊಳ್ಳುತ್ತದೆ. 100 ಮಿಲಿಸೆಕೆಂಡಿನ ಒಂದು ಪಿನ್ ಟೈಮರ್ ಇದ್ದರೆ ಸಾಕು, ಅದೇ ಸಿಪಿಯುನಲ್ಲಿರುವ ಬೇರೆ ಡ್ರೈವರ್‌ಗಳ ನಿಧಾನದ ಟೈಮರ್‌ಗಳಿಗೂ ಬೇರೆ ಸಿಪಿಯುಗೆ ವಲಸೆ ಹೋಗುವ ಲಾಭ ಬಹುಪಾಲು ತಪ್ಪುತ್ತದೆ.

ಈಗ ಲೆಕ್ಕ ಹಾಕೋಣ. 16 ಟೈಮರ್‌ಗಳು, ಸೆಕೆಂಡಿಗೆ 10 ಸಲ, ಒಟ್ಟು 160 ಘಟನೆಗಳು. ಅವು ಬೇರೆಬೇರೆ ಹೊತ್ತಿಗೆ ಬಿದ್ದರೆ ಎರಡರ ನಡುವೆ ಸರಾಸರಿ 6.25 ಮಿಲಿಸೆಕೆಂಡ್. ಪ್ರತಿ ಸಿಪಿಯುವನ್ನು ಬಿಡಿಯಾಗಿ ನೋಡಿದರೆ 100 ಮಿಲಿಸೆಕೆಂಡ್ ಬಿಡುವಿದೆ, ಆಳವಾದ ನಿದ್ದೆಗೆ ಧಾರಾಳ. ಆದರೆ ಪ್ಯಾಕೇಜ್ (ಇಡೀ ಚಿಪ್) ಮಟ್ಟದ ನಿದ್ದೆಗೆ ಎಲ್ಲ ಕೋರ್‌ಗಳೂ ಒಟ್ಟಿಗೆ ಮಲಗಿರಬೇಕು, ಒಂದು ಕೋರ್ ಮಲಗಲು ಅದರ ಎರಡೂ ಥ್ರೆಡ್‌ಗಳು (ಲಾಜಿಕಲ್ ಸಿಪಿಯುಗಳು) ಐಡಲ್ ಆಗಿರಬೇಕು. ಸ್ಕೈಲೇಕ್ ಪೀಳಿಗೆಯ ಲ್ಯಾಪ್‌ಟಾಪ್ ಚಿಪ್‌ಗಳಿಗೆ 'ಇಂಟೆಲ್_ಐಡಲ್' ಡ್ರೈವರ್‌ನ ಪಟ್ಟಿಯಲ್ಲಿ ಸಿ10 ಎಂಬ ಆಳವಾದ ನಿದ್ದೆಯ ಸ್ಥಿತಿಯಿಂದ ಏಳಲು 890 ಮೈಕ್ರೋಸೆಕೆಂಡ್ ಎಂದಿದೆ, ಅಲ್ಲಿಗೆ ಹೋಗಿದ್ದು ಲಾಭವಾಗಬೇಕಾದರೆ ಕನಿಷ್ಠ 5 ಮಿಲಿಸೆಕೆಂಡ್ ಅಲ್ಲಿರಬೇಕು. ಸರಾಸರಿ ಬಿಡುವೇ 6.25 ಆದಾಗ ಹಲವು ಬಿಡುವುಗಳು 5ಕ್ಕಿಂತ ಚಿಕ್ಕವಾಗಿರುತ್ತವೆ, ಚಿಪ್ ಇಳಿದು ಮುಗಿಸುವಷ್ಟರಲ್ಲಿ ಏಳಬೇಕಾಗುತ್ತದೆ.

ಪಿನ್ ತೆಗೆದರೆ ಏನಾಗುತ್ತದೆ? ವಿಡಿಯೋ ನೋಡುತ್ತಲೋ ಕಂಪೈಲ್ ಮಾಡುತ್ತಲೋ ಇದ್ದು ಒಂದೆರಡು ಸಿಪಿಯು ಹೇಗೂ ಎಚ್ಚರವಿದ್ದರೆ ದೊಡ್ಡ ಲಾಭ, ಉಳಿದವು ಈ ಟೈಮರ್‌ಗಳಿಗಾಗಿ ಏಳುವುದೇ ಇಲ್ಲ. ಆದರೆ ಎಲ್ಲವೂ ಮಲಗಿರುವಾಗ ಘಟನೆಗಳು ಆಗಲೂ 160ರ ಸುತ್ತಲೇ ಇರುತ್ತವೆ, ಅಷ್ಟನ್ನೂ ಒಂದೇ ಸಿಪಿಯು ಹೊರುತ್ತದೆ. 15 ಸಿಪಿಯುಗಳ ನಿದ್ದೆ ಕೆಡದಿರುವುದೇನೋ ಉಳಿತಾಯವೇ. ಪ್ಯಾಕೇಜ್ ಮಾತ್ರ ಮೊದಲಿನಂತೆ 6.25 ಮಿಲಿಸೆಕೆಂಡಿಗೊಮ್ಮೆ ಏಳುತ್ತಿರುತ್ತದೆ. ವಲಸೆಯಿಂದ ಏಳುವವರ ಸಂಖ್ಯೆ ಕಡಿಮೆಯಾಗುತ್ತದೆಯೇ ಹೊರತು ಏಳಬೇಕಾದ ಕ್ಷಣಗಳು ಕಡಿಮೆಯಾಗುವುದಿಲ್ಲ. ಅವನ್ನು ಕಡಿಮೆ ಮಾಡುವ ಕೆಲಸ ಡ್ರೈವರ್ ಬರೆದವರದು.

ಆದ್ದರಿಂದ ಮೊದಲ ತಿದ್ದುಪಡಿ, 16 ಟೈಮರ್‌ಗಳನ್ನು ತೆಗೆದು ಒಂದೇ ಟೈಮರ್ ಇಡಿ, ಅದರ ಕಾಲ್‌ಬ್ಯಾಕ್ 16 ಚಾನೆಲ್‌ಗಳನ್ನೂ ಸಾಲಾಗಿ ಓದಲಿ. ಸೆಕೆಂಡಿಗೆ 160 ಇದ್ದದ್ದು 10ಕ್ಕೆ ಇಳಿಯುತ್ತದೆ, ಬಿಡುವು 100 ಮಿಲಿಸೆಕೆಂಡ್ ಆಗುತ್ತದೆ. ನಿಮಗೆ ಸಿಗುವ ಲಾಭದಲ್ಲಿ ಹೆಚ್ಚಿನ ಪಾಲು ಇದರಿಂದಲೇ. ಒಂದು ರಿಜಿಸ್ಟರ್ ಓದುವ ಕೆಲಸವನ್ನು 16 ಸಿಪಿಯುಗಳಿಗೆ ಹಂಚುವಷ್ಟು ಹೊರೆ ಇಲ್ಲಿ ಇಲ್ಲವೇ ಇಲ್ಲ. ಕೋರನ್ನು ಎಬ್ಬಿಸುವ ಖರ್ಚು ಓದುವ ಖರ್ಚಿಗಿಂತ ಎಷ್ಟೋ ದೊಡ್ಡದು.

ಆ ಒಂದು ಟೈಮರನ್ನು 'ಟೈಮರ್_ಸೆಟಪ್'ನಲ್ಲಿ ಫ್ಲ್ಯಾಗ್ ಜಾಗಕ್ಕೆ 0 ಕೊಟ್ಟು ಸಿದ್ಧಪಡಿಸಿ 'ಮಾಡ್_ಟೈಮರ್'ನಿಂದ ಹೂಡಿ. ಇದು ಹಳೆಯ ಕರ್ನೆಲ್‌ಗಳಲ್ಲೂ ಕಂಪೈಲ್ ಆಗುತ್ತದೆ. ಈಗಾಗಲೇ 'ಆ್ಯಡ್_ಟೈಮರ್_ಆನ್' ಮೂಲಕ ಹೋಗಿ ಪಿನ್ ಫ್ಲ್ಯಾಗ್ ಅಂಟಿಸಿಕೊಂಡ ಟೈಮರನ್ನೇ ಮುಂದುವರಿಸಬೇಕಾದರೆ 'ಆ್ಯಡ್_ಟೈಮರ್_ಗ್ಲೋಬಲ್' ಬಳಸಿ, ಅದು ಫ್ಲ್ಯಾಗನ್ನು ತೆಗೆದು ಹೂಡುತ್ತದೆ. ಈ ಕರೆ 6.9ರಿಂದ ಈಚೆಗೆ ಮಾತ್ರ ಇದೆ.

100 ಮಿಲಿಸೆಕೆಂಡ್ ನಿಜವಾಗಿ ಬೇಕೇ ಎಂದೂ ಕೇಳಿಕೊಳ್ಳಿ. 2016ರಲ್ಲಿ 4.8ಕ್ಕೆ ಬಂದ ಟೈಮರ್ ವ್ಹೀಲ್‌ನ (ಈ ಟೈಮರ್‌ಗಳನ್ನು ಕಾಲಾನುಸಾರ ಇಡುವ ವ್ಯವಸ್ಥೆಯ) ಹೊಸ ರಚನೆಯಲ್ಲಿ ದೂರದ ಟೈಮರ್‌ಗಳಿಗೆ ನಿಖರತೆ ಕಡಿಮೆ. ಎಚ್‌ಝಡ್ (ಸೆಕೆಂಡಿಗೆ ಟಿಕ್‌ಗಳ ಸಂಖ್ಯೆ) 250 ಇರುವ ಕರ್ನೆಲ್‌ನಲ್ಲಿ ಸುಮಾರು ಕಾಲು ಸೆಕೆಂಡಿನವರೆಗೆ 4 ಮಿಲಿಸೆಕೆಂಡಿನ ಹೆಜ್ಜೆ, ಅಲ್ಲಿಂದ 2 ಸೆಕೆಂಡಿನವರೆಗೆ 32 ಮಿಲಿಸೆಕೆಂಡ್, ಅಲ್ಲಿಂದ 16 ಸೆಕೆಂಡಿನವರೆಗೆ 256 ಮಿಲಿಸೆಕೆಂಡ್. ಟೈಮರ್ ಯಾವಾಗಲೂ ಮುಂದಿನ ಹೆಜ್ಜೆಗೆ ಸರಿಯುತ್ತದೆ, ಹೇಳಿದ್ದಕ್ಕಿಂತ ಮೊದಲು ಬರುವುದಿಲ್ಲ. ಹಾಗಾಗಿ 100 ಮಿಲಿಸೆಕೆಂಡಿನ ಟೈಮರ್ ಬೇರೆಯವುಗಳ ಜೊತೆ ಕೂಡಿಕೊಳ್ಳುವ ಸಾಧ್ಯತೆ ಕಡಿಮೆ, 3 ಸೆಕೆಂಡಿನದು ತಾನಾಗಿಯೇ ಗುಂಪುಗೂಡುತ್ತದೆ. ತಾಪಮಾನದಂಥ ನಿಧಾನವಾಗಿ ಬದಲಾಗುವ ಅಳತೆಯಾದರೆ 1 ಸೆಕೆಂಡಿಗೆ ಹೋಗಿ, 'ರೌಂಡ್_ಜಿಫೀಸ್' ಬಳಸಿ ಪೂರ್ಣ ಸೆಕೆಂಡಿನ ಸುತ್ತಮುತ್ತ ಕೂರಿಸಿ. ಒಂದು ಸೆಕೆಂಡಿಗಿಂತ ಚಿಕ್ಕ ಅವಧಿಗೆ ಇದನ್ನು ಬಳಸಬೇಡಿ, ಅವಧಿಯೇ ಕೆಟ್ಟುಹೋಗುತ್ತದೆ.

ಪಿನ್ ತೆಗೆದ ಕೂಡಲೇ ಹೊರಬೀಳುವ ಬಗ್‌ಗಳ ಬಗ್ಗೆ ಎಚ್ಚರವಿರಲಿ. ಇವು ಅಪರೂಪಕ್ಕೆ ಕಾಣಿಸಿಕೊಳ್ಳುವಂಥವು, ಹುಡುಕಲು ಕಷ್ಟ. ಕಾಲ್‌ಬ್ಯಾಕ್ ಈಗ ಮೈಗ್ರೇಟರ್ ಮೇಲೆ ಓಡುತ್ತದೆ. ಅದರೊಳಗೆ 'ಎಸ್‌ಎಂಪಿ_ಪ್ರೊಸೆಸರ್_ಐಡಿ' ಕೇಳಿ ಅದಕ್ಕೆ ತಕ್ಕ ಚಾನೆಲ್ ಆರಿಸುವ ಕೋಡ್ ಇದ್ದರೆ, ಆರನೆಯ ಚಾನೆಲ್ ಓದಬೇಕಾದದ್ದು ಎರಡನೆಯದನ್ನು ಓದುತ್ತದೆ, ಯಾವ ದೋಷವೂ ವರದಿಯಾಗುವುದಿಲ್ಲ. ಚಾನೆಲ್ ಸಂಖ್ಯೆ ನಿಮ್ಮ ಸ್ಟ್ರಕ್ಟ್ ಒಳಗೇ ಇರಬೇಕು. ಎರಡನೆಯದು ಲಾಕ್. ಕಾಲ್‌ಬ್ಯಾಕ್ ಇದೇ ಸಿಪಿಯುನಲ್ಲಿ ಓಡುತ್ತದೆ ಎಂಬ ಭರವಸೆಯಲ್ಲಿ 'ಲೋಕಲ್_ಬಿಎಚ್_ಡಿಸೇಬಲ್' ಒಂದರಿಂದಲೇ ಡೇಟಾ ಕಾಯುತ್ತಿದ್ದರೆ ಇನ್ನು ಅದು ಸಾಲದು, 'ಸ್ಪಿನ್_ಲಾಕ್_ಬಿಎಚ್' ಬೇಕು. ಮೂರನೆಯದು ಡ್ರೈವರ್ ತೆಗೆಯುವ ಹೊತ್ತು. ಬರೀ ಅಳಿಸುವ ಕರೆ ವಾಪಸ್ ಬಂದಾಗ ಇನ್ನೊಂದು ಸಿಪಿಯುನಲ್ಲಿ ಕಾಲ್‌ಬ್ಯಾಕ್ ಅರ್ಧದಲ್ಲಿರಬಹುದು, ನೀವು ಮೆಮೊರಿ ಬಿಡುಗಡೆ ಮಾಡಿದರೆ ಅದು ಸತ್ತ ಜಾಗವನ್ನು ಮುಟ್ಟುತ್ತದೆ. 'ಟೈಮರ್_ಶಟ್‌ಡೌನ್_ಸಿಂಕ್' ಬಳಸಿ. ಅದು ಕಾಲ್‌ಬ್ಯಾಕ್ ಮುಗಿಯುವವರೆಗೆ ಕಾಯುತ್ತದೆ, ಆಮೇಲೆ ಯಾರೂ ಆ ಟೈಮರನ್ನು ಮತ್ತೆ ಹೂಡದಂತೆಯೂ ತಡೆಯುತ್ತದೆ.

ಕಾಲ್‌ಬ್ಯಾಕ್ ಚುಟುಕಾಗಿರಲಿ. ಅದು ಹೆಚ್ಚು ಹೊತ್ತು ಹಿಡಿದರೆ ಈಗ ಪೆಟ್ಟು ಬೀಳುವುದು ಮೈಗ್ರೇಟರ್ ಆಗಿರುವ ಸಿಪಿಯುಗೆ, ಅದರ ಸ್ವಂತ ಟೈಮರ್‌ಗಳೂ ಹಿಂದೆ ಬೀಳುತ್ತವೆ. ಬೋರ್ಡ್ ಐ2ಸಿ ಅಥವಾ ಎಸ್‌ಪಿಐ ಬಸ್‌ನಲ್ಲಿದ್ದರೆ ಓದುವಾಗ ಕಾಯಬೇಕಾಗುತ್ತದೆ, ಟೈಮರ್ ಕಾಲ್‌ಬ್ಯಾಕ್‌ನಲ್ಲಿ ಕಾಯುವಂತಿಲ್ಲ. ಆಗ ಡಿಲೇಡ್ ವರ್ಕ್‌ಗೆ (ಹೇಳಿದ ಹೊತ್ತಿನ ಮೇಲೆ ಓಡುವ, ಒಳಗೆ ಕಾಯಬಹುದಾದ ಕೆಲಸ) ಹೋಗಿ. ಸಿಪಿಯು ಹೆಸರಿಸದೆ 'ಕ್ಯೂ_ಡಿಲೇಡ್_ವರ್ಕ್' ಕರೆದರೆ ಸಾಮಾನ್ಯ ವ್ಯವಸ್ಥೆಯಲ್ಲಿ ಅದರ ಟೈಮರ್ ಗ್ಲೋಬಲ್ ಪಟ್ಟಿಗೆ ಹೋಗುತ್ತದೆ. ಕಾಲ ತುಂಬಿದಾಗ ಕೆಲಸ ಟೈಮರ್ ಓಡಿದ ಸಿಪಿಯುನಲ್ಲೇ, ಅಂದರೆ ಎಚ್ಚರವಿದ್ದ ಮೈಗ್ರೇಟರ್‌ನಲ್ಲೇ ಸರದಿಗೆ ಸೇರುತ್ತದೆ, ಮುಂದಿನ ಸುತ್ತು ಅಲ್ಲಿಂದಲೇ ಹೂಡಲ್ಪಡುತ್ತದೆ. ಕೆಲಸ ತಾನಾಗಿ ಎಚ್ಚರವಿರುವವರ ಕಡೆಗೆ ಸರಿಯುತ್ತಾ ಹೋಗುತ್ತದೆ. 6.6 ಅಥವಾ 6.1ರಂಥ ಹಳೆಯ ದೀರ್ಘಾವಧಿ ಕರ್ನೆಲ್‌ಗಳನ್ನೂ ಬೆಂಬಲಿಸಬೇಕಾದರೆ 'ಸಿಸ್ಟಮ್_ಪವರ್_ಎಫಿಶಿಯೆಂಟ್_ಡಬ್ಲ್ಯುಕ್ಯೂ' ಎಂಬ ಸರದಿಯನ್ನು ಬಳಸಿ, ಬೂಟ್ ಮಾಡುವಾಗ 'ವರ್ಕ್‌ಕ್ಯೂ.ಪವರ್_ಎಫಿಶಿಯೆಂಟ್' ಆಯ್ಕೆಯನ್ನು ಆನ್ ಮಾಡಿ. ಆಗ ಕೆಲಸ ಯಾವ ಸಿಪಿಯುಗೂ ಅಂಟಿಕೊಳ್ಳುವುದಿಲ್ಲ, ಎಲ್ಲಿ ಓಡಬೇಕೆಂದು ಶೆಡ್ಯೂಲರ್ ತೀರ್ಮಾನಿಸುತ್ತದೆ.

ಡಿಫರೆಬಲ್ ಟೈಮರ್ ಬಳಸಿದರೆ ಸಾಲದೇ ಎಂದು ನಿಮಗೆ ಅನ್ನಿಸಬಹುದು. ಅದು ಮಲಗಿದ ಸಿಪಿಯುವನ್ನು ಎಬ್ಬಿಸುವುದೇ ಇಲ್ಲ, ನಿಜ. ಆದರೆ ಅದನ್ನು ಬೇರೆ ಯಾರೂ ಓಡಿಸುವುದೂ ಇಲ್ಲ, ಆ ಸಿಪಿಯು ಬೇರೆ ಕಾರಣಕ್ಕೆ ಏಳುವವರೆಗೆ ಅದು ಸುಮ್ಮನೆ ಕಾಯುತ್ತದೆ. ಎಷ್ಟು ಹೊತ್ತು ಎಂಬುದಕ್ಕೆ ಮಿತಿ ಇಲ್ಲ. ಸಿಪಿಯು ಮಲಗಿರುವಾಗ ಮಾಡುವ ಅಗತ್ಯವೇ ಇಲ್ಲದ ಅಂಕಿಅಂಶದ ಕೆಲಸಕ್ಕೆ ಅದು ಸರಿ. ಹೊರಗಿನ ಸೆನ್ಸರ್ ಓದಲು ಬೇಡವೇ ಬೇಡ.

ನಿಜವಾಗಿಯೂ ಪಿನ್ ಬೇಕಾದವು ಕೆಲವೇ. ಆಯಾ ಸಿಪಿಯುನಿಂದ ಮಾತ್ರ ಓದಲು ಸಾಧ್ಯವಿರುವ ರಿಜಿಸ್ಟರ್‌ಗಳನ್ನು ನೋಡುವ ಟೈಮರ್‌ಗಳು ಅಂಥವು. ಹಾರ್ಡ್‌ವೇರ್ ದೋಷ ಹುಡುಕುವ, ಎಕ್ಸ್86ನ ಮೆಷಿನ್ ಚೆಕ್ ಟೈಮರ್ ಒಂದು ಉದಾಹರಣೆ, ಅದರ ಅವಧಿ ಪೂರ್ವನಿಯೋಜಿತವಾಗಿ 300 ಸೆಕೆಂಡ್. ನಿಮ್ಮ ಬೋರ್ಡ್ ಬಸ್ ಮೇಲಿದೆ, ಯಾವ ಸಿಪಿಯು ಓದಿದರೂ ಅದೇ ಮೌಲ್ಯ.

ಅಳೆಯುವುದು ಹೇಗೆ? ಮೊದಲು '/ಪ್ರೊಕ್/ಇಂಟರಪ್ಟ್ಸ್' ಕಡತದ 'ಎಲ್‌ಒಸಿ' ಸಾಲು. ಪ್ರತಿ ಸಿಪಿಯುನ ಲೋಕಲ್ ಟೈಮರ್ ಇಂಟರಪ್ಟ್‌ಗಳ ಎಣಿಕೆ ಅಲ್ಲಿದೆ. 60 ಸೆಕೆಂಡ್ ಅಂತರದಲ್ಲಿ ಎರಡು ಸಲ ಓದಿ ಕಳೆಯಿರಿ. ಈಗ ನಿಮ್ಮಲ್ಲಿ ಪ್ರತಿ ಕಾಲಮ್‌ನಲ್ಲೂ ಕನಿಷ್ಠ 600ರಷ್ಟು ಏರಿಕೆ ಕಾಣಬೇಕು. ತಿದ್ದಿದ ಮೇಲೆ ಬಹುಪಾಲು ಕಾಲಮ್‌ಗಳು ಅದಕ್ಕಿಂತ ಬಹಳ ಕೆಳಗಿಳಿಯಬೇಕು. ಇಳಿಯದಿದ್ದರೆ ಯಾರು ಎಬ್ಬಿಸುತ್ತಿದ್ದಾರೆಂದು ತಿಳಿಯಲು ಪರ್ಫ್ ಎಂಬ ಅಳತೆಯ ಸಾಧನದಲ್ಲಿ ಟೈಮರ್ ಗುಂಪಿನ 'ಟೈಮರ್_ಎಕ್ಸ್‌ಪೈರ್_ಎಂಟ್ರಿ' ಮತ್ತು 'ಎಚ್‌ಆರ್‌ಟೈಮರ್_ಎಕ್ಸ್‌ಪೈರ್_ಎಂಟ್ರಿ' ಟ್ರೇಸ್‌ಪಾಯಿಂಟ್‌ಗಳನ್ನು (ಕರ್ನೆಲ್ ಒಳಗಿನ ದಾಖಲೆಯ ಬಿಂದುಗಳು) ಇಡೀ ಯಂತ್ರಕ್ಕೆ 30 ಸೆಕೆಂಡ್ ದಾಖಲಿಸಿ. ಯಾವ ಸಿಪಿಯು, ಯಾವ ಫಂಕ್ಷನ್ ಎರಡೂ ಒಂದೇ ಸಾಲಿನಲ್ಲಿ ಸಿಗುತ್ತವೆ. ಹಳೆಯ ಲೇಖನಗಳು ಹೇಳುವ '/ಪ್ರೊಕ್/ಟೈಮರ್_ಸ್ಟ್ಯಾಟ್ಸ್' ಹುಡುಕಬೇಡಿ, ಅದನ್ನು 2017ರಲ್ಲಿ 4.11ರಿಂದ ತೆಗೆದುಹಾಕಲಾಗಿದೆ. ವಲಸೆ ನಡೆಯುತ್ತಿದೆಯೇ ಎಂದು ಕಣ್ಣಾರೆ ನೋಡಬೇಕಿದ್ದರೆ 'ಟೈಮರ್_ಮೈಗ್ರೇಶನ್' ಗುಂಪಿನ 'ಟಿಎಂಐಜಿಆರ್_ಹ್ಯಾಂಡಲ್_ರಿಮೋಟ್' ಟ್ರೇಸ್‌ಪಾಯಿಂಟ್ ನೋಡಿ.

ಆದರೆ ಎಚ್ಚರಗೊಂಡ ಎಣಿಕೆಯೊಂದನ್ನೇ ನಂಬಬೇಡಿ, ನಿದ್ದೆಯ ಕಾಲವನ್ನೂ ನೋಡಿ. ಟರ್ಬೋಸ್ಟ್ಯಾಟ್ ಎಂಬ ಸಾಧನ ಕೋರ್ ಮತ್ತು ಪ್ಯಾಕೇಜ್ ಸಿ-ಸ್ಥಿತಿಗಳಲ್ಲಿ ಕಳೆದ ಶೇಕಡಾವಾರು ಕಾಲವನ್ನೂ ಪ್ಯಾಕೇಜ್ ವ್ಯಾಟ್‌ಗಳನ್ನೂ ತೋರಿಸುತ್ತದೆ. ಅದು ಓದುವಾಗ ಪ್ರತಿ ಸಿಪಿಯು ಮೇಲೂ ಒಮ್ಮೆ ಹೋಗಿ ಬರುತ್ತದೆ, ಅಂದರೆ ಎಲ್ಲವನ್ನೂ ಎಬ್ಬಿಸುತ್ತದೆ. ಅಂತರವನ್ನು ಕನಿಷ್ಠ 30 ಸೆಕೆಂಡ್ ಇಡಿ. ಚಾರ್ಜರ್ ತೆಗೆದು, ಪರದೆಯ ಬೆಳಕು ಒಂದೇ ಮಟ್ಟದಲ್ಲಿಟ್ಟು, ತಿದ್ದುವ ಮೊದಲು ಮತ್ತು ನಂತರ ಒಂದೇ ಸ್ಥಿತಿಯಲ್ಲಿ ಹೋಲಿಸಿ. ಬೂಟ್ ಆಯ್ಕೆಗಳಲ್ಲಿ 'ನೋಹೆಚ್‌ಝಡ್=ಆಫ್' ಇಲ್ಲ ಎಂದೂ ಖಚಿತಪಡಿಸಿಕೊಳ್ಳಿ. ಅದಿದ್ದರೆ ಐಡಲ್‌ನಲ್ಲೂ ಟಿಕ್ ನಿಲ್ಲುವುದಿಲ್ಲ, ಮೇಲೆ ಹೇಳಿದ ಯಾವುದೂ ಫಲ ಕೊಡುವುದಿಲ್ಲ.

ಪರ್ಫ್ ದಾಖಲೆಯಲ್ಲಿ ಉಳಿದವುಗಳಲ್ಲಿ ಹೆಚ್ಚಿನವು ಎಚ್‌ಆರ್‌ಟೈಮರ್‌ಗಳಾಗಿದ್ದರೆ (ಹೆಚ್ಚು ನಿಖರವಾದ ಬೇರೆ ಬಗೆಯ ಟೈಮರ್‌ಗಳು) ಅವು ಹೆಚ್ಚಾಗಿ ಅಪ್ಲಿಕೇಶನ್‌ಗಳಿಂದ ಬಂದವು. ನ್ಯಾನೋಸ್ಲೀಪ್, ಪೋಲ್, ಈಪೋಲ್, ಟೈಮರ್‌ಎಫ್‌ಡಿ ಇವೆಲ್ಲ ಟೈಮರ್ ವ್ಹೀಲ್ ಬಳಸುವುದಿಲ್ಲ, ಹಾಗಾಗಿ 6.9ರ ಹೊಸ ವಲಸೆ ಅವುಗಳಿಗೆ ಅನ್ವಯಿಸದು. ಅವು ಇನ್ನೂ ಹೂಡುವಾಗಲೇ ತೀರ್ಮಾನಿಸುವ ಹಳೆಯ ದಾರಿಯಲ್ಲಿವೆ. ನಿಮ್ಮ ಡ್ರೈವರ್‌ನಿಂದ ಮೌಲ್ಯ ಓದುವ ಹಿನ್ನೆಲೆ ಪ್ರೋಗ್ರಾಂ ತಾನೂ 100 ಮಿಲಿಸೆಕೆಂಡಿಗೊಮ್ಮೆ ನಿದ್ದೆಯಿಂದ ಏಳುತ್ತಿದ್ದರೆ ಡ್ರೈವರ್‌ನಲ್ಲಿ ಉಳಿಸಿದ್ದರ ಒಂದು ಭಾಗ ಅಲ್ಲಿ ಸೋರಿಹೋಗುತ್ತದೆ. ಅದು ಡ್ರೈವರ್‌ನ ಕಡತದ ಮೇಲೆ ಪೋಲ್ ಮಾಡಿ ಕಾಯಲಿ, ಹೊಸ ಮೌಲ್ಯ ಬಂದಾಗ ನೀವು ಕಾಲ್‌ಬ್ಯಾಕ್‌ನಿಂದಲೇ ಎಬ್ಬಿಸಿ. ಆಗ ಎರಡೂ ಕೆಲಸ ಒಂದೇ ಎಚ್ಚರದಲ್ಲಿ ಮುಗಿಯುತ್ತವೆ. ಅದು ಸಾಧ್ಯವಿಲ್ಲದಿದ್ದರೆ ಪ್ರೋಗ್ರಾಂನ ಟೈಮರ್ ಸ್ಲ್ಯಾಕ್ (ಟೈಮರ್ ಎಷ್ಟು ತಡವಾದರೂ ಸರಿ ಎಂಬ ಸಡಿಲಿಕೆ) ಹೆಚ್ಚಿಸಿ. ಸಾಮಾನ್ಯವಾಗಿ ಅದು 50 ಮೈಕ್ರೋಸೆಕೆಂಡ್ ಇರುತ್ತದೆ. 'ಪಿಆರ್‌ಸಿಟಿಎಲ್' ಮೂಲಕ 20 ಮಿಲಿಸೆಕೆಂಡ್ ಮಾಡಿದರೆ ಆಸುಪಾಸಿನ ಇನ್ನೊಂದು ಟೈಮರ್ ಜೊತೆ ಕೂಡಿಕೊಳ್ಳಲು ಕರ್ನೆಲ್‌ಗೆ ಜಾಗ ಸಿಗುತ್ತದೆ. ರಿಯಲ್‌ಟೈಮ್ ಆದ್ಯತೆಯ ಪ್ರೋಗ್ರಾಂಗಳಿಗೂ ಟೈಮರ್‌ಎಫ್‌ಡಿಗೂ ಈ ಸ್ಲ್ಯಾಕ್ ಅನ್ವಯಿಸುವುದಿಲ್ಲ. ಟೈಮರ್‌ಎಫ್‌ಡಿ ಬಳಸುತ್ತಿದ್ದರೆ ಅವಧಿಯನ್ನೇ ದೊಡ್ಡದು ಮಾಡಬೇಕು.